ಬೋಳುಬಂಡೆಯ ಸುಳ್ಳು ಟಿಕ್

"ಹೆಸರು ಬರ್ಕೊಳ್ಳಿ ಮೇಡಂ!"

ಆ ದನಿ! ಅವಳು ತಟ್ಟನೆ ರಿಜಿಸ್ಟರಿನಿಂದ ತಲೆಯೆತ್ತಿದಳು. ಕಿಟಕಿಯಾಚೆ ಬೋಲ್ಟ್ ನಿಂತಿದ್ದ... ಎಂಟು ತಿಂಗಳ ನಂತರ, ಎಡಗಾಲು ತುಸು ಎಳೆಯುತ್ತಾ.

ಬೆಟ್ಟಗಳ ನಡುವೆ ಗುಮ್ಮಟದಂತೆ ಎದ್ದು ನಿಂತ ಗ್ರಾನೈಟಿನ ಬೋಳುಬಂಡೆಯಲ್ಲಿ ಹತ್ತುವವರ ಹಗ್ಗಕ್ಕೆಂದು ಬಡಿದಿದ್ದ, ತುಕ್ಕು ಹಿಡಿದ ಬೋಲ್ಟುಗಳನ್ನು ಬದಲಿಸುವುದು ಅವನ ಕೆಲಸ. ಅದಕ್ಕೇ ಆ ಅಡ್ಡಹೆಸರು. ಹತ್ತುವವರ ಹೆಸರು ಬರೆದುಕೊಂಡು, ಇಳಿದು ಬಂದವರಿಗೆ ಟಿಕ್ ಹಾಕುವುದು ಅವಳ ಕೆಲಸ. ಸಂಜೆ ಟಿಕ್ ಇಲ್ಲದ ಹೆಸರು ಉಳಿದರೆ ಹುಡುಕುವ ತಂಡ ಹೊರಡುತ್ತದೆ.

"ಫೋನ್ ಎತ್ತಲ್ಲ, ಆಸ್ಪತ್ರೆಗೂ ಬರ್ಲಿಲ್ಲ. ಇನ್ನೂ ಕೋಪಾನಾ?" ಅವನು ನಕ್ಕ. "ಮದುವೆ ಮಾತಾಡೋಕೆ ನಿಮ್ಮಮ್ಮನ್ನ ನೋಡೋಕೆ ಬರ್ತೀನಿ ಅಂತ ಹೇಳಿ ಕೈಕೊಟ್ಟೆ, ನಿಜ. ಅದಕ್ಕೆ ಕಾಲು ಮುರ್ಕೊಂಡಿದ್ದೀನಲ್ಲೇ, ಸಾಲ್ದಾ?"

ಕೋಪವಾ? ಅಯ್ಯೋ ದೇವರೇ... ಅವನೆದುರು ನಿಲ್ಲಲು ಅವಳಿಗೆ ಯಾವ ಮುಖವಿತ್ತು?

"ಅವತ್ತು ರಾತ್ರಿಯೆಲ್ಲ ಬಂಡೆ ಬಿರುಕಲ್ಲಿ ಬಿದ್ದಿದ್ದೆ. ಪಾಪ, ಕಾವಲುಗಾರ ತಾತ ಕಣ್ಣು ಕಾಣದೆ ನನ್ನ ಹೆಸರಿಗೂ ಟಿಕ್ ಹಾಕ್ಬಿಟ್ರಂತೆ."

"ತಾತ ಅಲ್ಲ." ಅವಳು ಎದ್ದು ನಿಂತಳು. "ನಾನು."

ಅವನ ನಗು ಅಲ್ಲೇ ನಿಂತಿತು.

"ನನ್ನ ತಪ್ಪಿಸ್ಕೊಂಡು ಬಂಡೆ ಹಿಂದಿನ ದಾರೀಲಿ ಇಳಿದು ಹೋಗಿದ್ದೀಯ ಅಂದ್ಕೊಂಡೆ. ಹೋದ್ರೆ ಹೋಗ್ಲಿ ಅಂತ ಸಿಟ್ಟಲ್ಲಿ ಟಿಕ್ ಹಾಕಿ ಮನೆಗೆ ಹೋದೆ. ನಾನು ಹೋದ್ಮೇಲೆ ರಿಜಿಸ್ಟರ್ ತಾತನ ಹತ್ರ ಇತ್ತಲ್ಲ, ತಪ್ಪು ಅವರ ತಲೆಗೆ ಬಂತು... ನಾನು ಬಾಯಿ ಬಿಡ್ಲಿಲ್ಲ."

ಅವನು ರಿಜಿಸ್ಟರನ್ನು ತನ್ನತ್ತ ಎಳೆದುಕೊಂಡ.

"ಮೊದ್ಲು ತಾತಂಗೆ ಹೇಳು," ಎಂದವನು ತನ್ನ ಹೆಸರು ತಾನೇ ಬರೆದು, ಹಗ್ಗ ಹೆಗಲಿಗೇರಿಸಿಕೊಂಡು ಹೊರಟುಬಿಟ್ಟ.

ತಾತ ಗೇಟಿನ ಬಳಿ ಕನ್ನಡಕ ಒರೆಸುತ್ತಿದ್ದರು. ಅವಳು ಎಲ್ಲವನ್ನೂ ಹೇಳಿದಳು.

"ಎರಡು ಸಲ ಕನ್ನಡಕ ಬದಲಾಯಿಸ್ದೆ ಕಣಮ್ಮ," ಎಂದರು ತಾತ. "ನನ್ನ ಕಣ್ಣೇ ಹೋಯ್ತು ಅಂದ್ಕೊಂಡಿದ್ದೆ."

ಬೈದಿದ್ದರೂ ಚೆನ್ನಾಗಿತ್ತು! "ನಾಳೆ ಸಾಹೇಬರಿಗೆ ನಾನೇ ಹೇಳ್ತೀನಿ ತಾತ," ಎನ್ನುತ್ತಾ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ಸಂಜೆ ಎಲ್ಲರೂ ಇಳಿದು ಬಂದರು. ಒಂದೇ ಹೆಸರು ಉಳಿಯಿತು.

ಹಿಂದಿನ ದಾರಿ ಹಿಡಿದನಾ? ಹಿಡಿದಿರಲಿ... ಕಣ್ಣಾರೆ ನೋಡದೆ ಟಿಕ್ ಹಾಕಲಾರೆ! ಅವಳು ಹುಡುಕುವ ತಂಡಕ್ಕೆ ಹೇಳಲು ಫೋನ್ ಎತ್ತಿಕೊಂಡಳು.

ಆಗ ಕೇಳಿಸಿತು, ಕಾಲೆಳೆಯುವ ಸದ್ದು.

"ಹಿಂದಿನ ದಾರೀಲಿ ಅರ್ಧ ಇಳಿದಿದ್ದೆ," ಅವನು ಏದುಸಿರು ಬಿಡುತ್ತಿದ್ದ. "ನನಗಿನ್ನೂ ಸಿಟ್ಟು ಹೋಗಿಲ್ಲ ಕಣೇ."

"ಮತ್ಯಾಕೆ ವಾಪಸ್ ಬಂದೆ?"

"ನೀನು ಕಾಯ್ತಾ ಇರ್ತೀಯಲ್ಲ..." ರಿಜಿಸ್ಟರನ್ನು ಅವಳತ್ತ ತಳ್ಳಿದ. "ಹಾಕು. ನನ್ನ ಮುಖ ನೋಡಿ ಹಾಕು."

ಅವಳು ನೋಡಿದಳು. ಕಣ್ಣು ಮಂಜಾಗಿ ಟಿಕ್ ಸೊಟ್ಟಗಾಯಿತು.

"ಭಾನುವಾರ ನಿಮ್ಮಮ್ಮ ಮನೇಲಿರ್ತಾರಾ?"

"ಇರ್ತಾರೆ... ಬರ್ತೀಯಾ?"

"ಬಂದೆ ಅಂತಲೇ ಬರ್ಕೋ."

"ಊಹೂಂ," ಅಳುತ್ತಲೇ ನಕ್ಕಳು ಅವಳು. "ಬಂದ್ಮೇಲೇ ಬರ್ಕೊಳ್ಳೋದು!"