ಎತ್ತಿನ ರಜೆ, ಮಿಲ್ಲಿನ ರಜೆ

“ಅಪ್ಪಾ, ಸೋಮವಾರದ ಮ್ಯಾಚಿಗೆ ಕಾಕಾ ಬರಂಗಿಲ್ಲಂತ.”

ಯರ್ರೆಪ್ಪ ಎತ್ತುಗಳಿಗೆ ಮೇವು ಹಾಕುತ್ತಿದ್ದ. ತಲೆ ಎತ್ತಲಿಲ್ಲ.

“ಹಂಗಾದ್ರ ಮಿಲ್ಲಿನಾಗ ಕಬಡ್ಡಿ ಆಡು ಅಂತ ಹೇಳು ಅವನಿಗೆ.”

ರೇಣುಕಾ ಹೇಳಲಿಲ್ಲ. ಕಾಕಾ ಹೊಲ ಬಿಟ್ಟು ಮಿಲ್ಲಿಗೆ ಹೋದಾಗಿನಿಂದ ಅಪ್ಪ, ಕಾಕಾ ಮಾತು ಬಿಟ್ಟಿದ್ದರು. ಅವರ ಮಾತನ್ನು ಇವರಿಗೆ, ಇವರ ಮಾತನ್ನು ಅವರಿಗೆ ಮುಟ್ಟಿಸಿ ಅವಳಿಗೆ ಸಾಕಾಗಿತ್ತು.

ಹಂಪಸಾಗರದಲ್ಲಿ ಕಬಡ್ಡಿ ಮ್ಯಾಚು ಅಂದರೆ ಮೊದಲಿನಿಂದಲೂ ಸೋಮವಾರವೇ. ಅವತ್ತು ಯಾರೂ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಎತ್ತಿಗೆ ರಜೆ ಅಂದರೆ ಎತ್ತಿನವರಿಗೂ ರಜೆ. ಆದರೆ ಅಪ್ಪನ ತಮ್ಮ, ಕಾಕಾ ಹೊನ್ನೂರಸ್ವಾಮಿ, ಈಗ ಹಗರಿಬೊಮ್ಮನಹಳ್ಳಿಯ ಎಣ್ಣೆ ಮಿಲ್ಲಿಗೆ ಸೇರಿದ್ದ. ಅಲ್ಲಿ ರಜೆ ಭಾನುವಾರ. ಈ ಸಲ ಇಟ್ಟಿಗಿ ಊರಿನವರು ಆಡಲು ಬರುತ್ತಿದ್ದರು. ಕಾಕಾನಂತೆ ರೈಡ್ ಮಾಡುವವರು ಟೀಮಿನಲ್ಲಿ ಬೇರೆ ಯಾರೂ ಇರಲಿಲ್ಲ.

“ಐತಾರ ಆಡ್ರಿ ಕಾಕಾ,” ಎಂದು ರೇಣುಕಾ ಭಾನುವಾರದ ಮಾತೆತ್ತಿದಳು.

“ಹಿಂಗಾರಿ ಬಿತ್ತಿಗಿ ಬಿಟ್ಟು ಆಡಾಕ ಬರಲೇನು ಅಂತಾನ ನಿಮ್ಮಪ್ಪ. ನಾನು ಮಿಲ್ ಬಿಟ್ಟು ಬಂದ್ರ ಸೂಪರ್‌ವೈಸರು ಗೇಟಿನ ಹೊರಗ ನಿಲ್ಲಸ್ತಾನ.”

ಎಲ್ಲರೂ ಊಟಕ್ಕೆ ಕೂತಾಗ ರೇಣುಕಾ ಕೇಳಿದಳು. “ಅಜ್ಜಿ, ಐತಾರ ಕಾಕಾ ಏನ್ ಮಾಡ್ತಾನ?”

“ಮಕ್ಕಂತಾನ. ಕುಂಭಕರ್ಣನ ತಮ್ಮ,” ಅಂದಳು ಅಜ್ಜಿ ಜಂಬಕ್ಕ.

“ಅವತ್ತ ಹೊಲಕ್ಕ ಬರಲಿ,” ಅಂದಳು ರೇಣುಕಾ. “ಅಪ್ಪ ಕೂರಿಗಿಲೆ ಬಿತ್ತಲಿ, ಹಿಂದ ಬೀಜ ಮುಚ್ಚೋ ಕುಂಟಿ ಕಾಕಾ ಹೊಡೀಲಿ. ಬಾಜೂ ಮನಿ ಉಚ್ಚಂಗೆಪ್ಪಜ್ಜನ ಎತ್ತು ಕೇಳೋಣ. ಬಿತ್ತಿಗಿ ಲಗೂ ಮುಗೀತೈತಿ. ಸಂಜಿಮುಂದ ಮ್ಯಾಚು.”

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. “ವಾರಕ್ಕ ಒಂದ ದಿನ ನಿದ್ದಿ ನಂದು. ಅದ್ರ ಮ್ಯಾಲೂ ನಿನ್ನ ಕಣ್ಣಾ?”

ಅಪ್ಪ ಬೇಡ ಅನ್ನಲಿಲ್ಲ. ಮ್ಯಾಚು ಭಾನುವಾರ ಸಂಜೆ ಎಂದು ಮರುದಿನ ಇಟ್ಟಿಗಿಗೆ ಹೇಳಿ ಕಳಿಸಿದ.

ಭಾನುವಾರ ಬೆಳಗಿನಿಂದ ಇಬ್ಬರೂ ಹೊಲದಲ್ಲಿದ್ದರು. ಇಬ್ಬರೂ ತಮ್ಮ ತಮ್ಮ ಎತ್ತುಗಳ ಜೊತೆ ಮಾತ್ರ ಮಾತಾಡಿದರು. ಸಂಜೆ ನೇರವಾಗಿ ಕಬಡ್ಡಿ ಬಯಲಿಗೆ ಬಂದಾಗ ಮೊಣಕಾಲಿನವರೆಗೂ ಕಪ್ಪು ಮಣ್ಣು.

“ಏನಲೇ, ಹೊಲದಾಗ ಉಳ್ಳಾಡಿ ಬಂದೀರೇನು?” ಎಂದು ಇಟ್ಟಿಗಿಯ ಜೋಗಪ್ಪ ನಕ್ಕ.

“ವಾರ್ಮ್-ಅಪ್ ಲೇ,” ಅಂದ ಕಾಕಾ.

“ಐತಾರ ಇಟ್ಟಿದ್ದು ಚಲೋ ಆತು ಬಿಡು. ನಮ್ಮಲ್ಲೂ ಮೂರು ಮಂದಿ ಫ್ಯಾಕ್ಟರಿಗೆ ಹೋಗ್ತಾರ.”

ಅಂಕ ಸಮ ಇದ್ದಾಗ ಕೊನೆಯ ರೈಡಿಗೆ ಕಾಕಾ ಹೋದ. ಒಬ್ಬನನ್ನು ಮುಟ್ಟಿದ. ಆಗ ಹಿಂದಿನಿಂದ ಜೋಗಪ್ಪ ಬಗ್ಗಿ ಬರುತ್ತಿದ್ದ.

“ಲೇ ಹೊನ್ನೂರಾ, ಹಿಂದ ಅದಾನ ನೋಡು!” ಅಪ್ಪ ಕೂಗಿದ.

ಕಾಕಾ ಮಗ್ಗುಲಿಗೆ ಜಿಗಿದು ಗೆರೆ ಮುಟ್ಟಿದ. ಹಂಪಸಾಗರ ಗೆದ್ದಿತ್ತು. “ನೋಡ್ದೆ ಅಣ್ಣಾ,” ಎಂದು ಏದುಸಿರು ಬಿಟ್ಟ.

ಈ ಮಾತನ್ನು ರೇಣುಕಾ ಮುಟ್ಟಿಸಬೇಕಾಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಾಕಾ ಕುಂಟುತ್ತಾ ಬಸ್ಸು ಹತ್ತಿದ. ಎತ್ತುಗಳು ಮಲಗಿ ಮೆಲುಕು ಹಾಕುತ್ತಿದ್ದವು. ಶಾಲೆಗೆ ಹೊರಟ ರೇಣುಕಾ ಬಯಲಿನ ಹತ್ತಿರ ನಿಂತಳು. ಅಪ್ಪ ಅಲ್ಲಿದ್ದ, ಒಬ್ಬನೇ. ಇವತ್ತು ಎತ್ತಿಗೂ ಕೆಲಸವಿಲ್ಲ, ಮ್ಯಾಚೂ ಇಲ್ಲ; ನಿನ್ನೆಯ ಗೆರೆಗಳನ್ನು ನೋಡುತ್ತಿದ್ದ.

ಇಷ್ಟು ದಿನ ಅವಳು ಒಬ್ಬಳೇ ಶಾಲೆಗೆ ಹೋಗುತ್ತಿದ್ದಳು.

“ಅಪ್ಪಾ, ಸಾಲಿತನಕ ಬರ್ತೀಯೇನು?”

ಯರ್ರೆಪ್ಪ ಬಂದು ಅವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಂಡ.