ರುಯಿಯಾಕಿ

"ಏಯ್! ಆ ಎಲಿಗೆ ಕೈ ಹಚ್ಚಬ್ಯಾಡ್ರಿ!"

ಕಾಜಲ ಬೆಚ್ಚಿಬಿದ್ದಳು. ಕಿತ್ತ ಎಕ್ಕೆಯ ಎಲೆ ಕೈಯಲ್ಲೇ ಉಳಿಯಿತು. ತೊಟ್ಟಿನ ಹಾಲು ಬೆರಳ ಮೇಲೆ ಇಳಿಯತೊಡಗಿತು.

ಶ್ರಾವಣದ ಶನಿವಾರ. ಮಾರುತಿಗೆ ಎಕ್ಕೆ ಎಲೆಯ ಹಾರ ಬೇಕೇ ಬೇಕು. ಅವಳ ಅವ್ವ ಮುದಕವ್ವ ಇಚಲಕರಂಜಿಯ ಗುಡಿಯ ಮುಂದೆ ಹಾರ ಮಾರುತ್ತಾಳೆ. ಎಲೆ ತರುವುದು ಮಗಳ ಪಾಲಿನ ಕೆಲಸ. ಯಡ್ರಾವದ ಮಗ್ಗದ ಶೆಡ್ಡಿನ ಹಿಂದೆ ಇಷ್ಟು ಸೊಂಪಾದ ಗಿಡ ಸಿಕ್ಕಿತಲ್ಲ ಎಂದು ಹಿಗ್ಗುವಷ್ಟರಲ್ಲಿ ಇವನೊಬ್ಬ! ತಲೆ, ಹುಬ್ಬು, ಮೀಸೆಯ ತುಂಬ ಹತ್ತಿಯ ಧೂಳು.

"ಯಾಕ್ರೀ? ಈ ಗಿಡಾ ನೀವ ನೆಟ್ಟೀರೇನು?"

ಅವನು ಅವಳ ಕೈಯಿಂದ ಎಲೆ ತೆಗೆದುಕೊಂಡು ಮೆಲ್ಲಗೆ ಮಗುಚಿದ. ಅಡಿಯಲ್ಲಿ ಸಾಸಿವೆಗಿಂತ ಸಣ್ಣದೊಂದು ಬಿಳಿ ಚುಕ್ಕೆ.

"ತತ್ತಿ ಐತ್ರಿ. ಪಾತರಗಿತ್ತೀದು."

ಆ ದನಿಯಲ್ಲಿ ಸಿಟ್ಟಿರಲಿಲ್ಲ, ಎಂಥದೋ ದುಃಖವಿತ್ತು. ಜಗಳಕ್ಕೆಂದು ಸಿಕ್ಕಿಸಿದ್ದ ಸೆರಗನ್ನು ಕಾಜಲ ಸಡಿಲ ಬಿಟ್ಟಳು.

ಅವನ ಹೆಸರು ರಾಜಕುಮಾರ. ಹೆಸರಿಗಷ್ಟೇ! ಪಾಳಿ ಮುಗಿದ ಮೇಲೆ ಈ ಗಿಡವೇ ಅವನ ಅರಮನೆ. ಹುಳುಗಳನ್ನು ಮಿಠಾಯಿ ಡಬ್ಬಿಯಲ್ಲಿಟ್ಟು, ಬಾಯಿಗೆ ತೆಳುಬಟ್ಟೆ ಕಟ್ಟಿ, ದಿನಾ ಹೊಸ ಎಲೆ ಹಾಕಿ ಸಾಕುತ್ತಾನೆ. ಫೋಟೋ ತೆಗೆದು ಕೊಲ್ಹಾಪುರದ ಕಾಲೇಜಿನ ಮಾಸ್ತರರೊಬ್ಬರಿಗೆ ಕಳಿಸಿ ಹೆಸರು ಕೇಳಿ ಬರೆದಿಡುತ್ತಾನೆ. ಶೆಡ್ಡಿನವರು ಅವನಿಗೆ ಹುಳದಪ್ಪ ಎಂದು ಹೆಸರಿಟ್ಟಿದ್ದರು.

ಮುಂದಿನ ಶನಿವಾರ ಕಾಜಲ ಬರುವಷ್ಟರಲ್ಲಿ, ತತ್ತಿಯಿಲ್ಲದ ಎಲೆಗಳು ಒದ್ದೆ ಬಟ್ಟೆ ಸುತ್ತಿಸಿಕೊಂಡು ಕಾಯುತ್ತಿದ್ದವು. ಅದರ ಮುಂದಿನ ಶನಿವಾರ ಚಹಾ ಕೂಡ. ನಾಲ್ಕನೆಯ ವಾರ ಒಂದು ಡಬ್ಬಿಯನ್ನೇ ಅವಳ ಕೈಗಿತ್ತ. ಒಳಗೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು.

ಅದು ನಾಲ್ಕು ದಿನಕ್ಕೇ ಸತ್ತಿತು. ಕಾಜಲ ಅಳುತ್ತಲೇ ಡಬ್ಬಿ ಮರಳಿ ತಂದಳು.

"ಅಳಬ್ಯಾಡ್ರಿ... ಹತ್ತು ತತ್ತಿ ಇಟ್ರ ಒಂದೆರಡ ಹಾರತಾವ. ಉಳಿದದ್ದು ಹಿಂಗ."

'ಇವನು ಎಷ್ಟು ಸಲ ಹೀಗೆ ತನಗೆ ತಾನೇ ಸಮಾಧಾನ ಹೇಳಿಕೊಂಡಿರಬಹುದು?' ಅದೇ ದಿನ ಅವಳಿಗೆ ತಿಳಿದುಹೋಯಿತು, ತಾನು ಬರುತ್ತಿರುವುದು ಎಲೆಗಲ್ಲ.

ಆದರೆ ಸುಖಕ್ಕೆ ದೃಷ್ಟಿ ಬೇಗ ತಾಗುತ್ತದೆ ನೋಡಿ.

ಶೆಡ್ಡಿನ ಯಲಗೂರಪ್ಪ ಎಲೆಯಡಿಕೆ ಜಗಿಯುತ್ತ ಅವಳನ್ನು ತಡೆದು ನಕ್ಕ. "ಏನವಾ, ಪ್ರತಿ ಶನಿವಾರ ಇಲ್ಲೇ? ಅವನ ಲಗ್ನ ರುಯಿಯಾಕಿ ಜೋಡಿ ಆಗೇತಿ, ಗೊತ್ತಿಲ್ಲೇನು?"

ರುಯಿ! ಇಚಲಕರಂಜಿಯ ಪಕ್ಕದಲ್ಲೇ ಇರುವ ಊರು. ಹಾಗಂದರೆ ಇಷ್ಟು ದಿನ...? ನೇರವಾಗಿ ಗಿಡದ ಬಳಿ ಹೋಗಿ ಕೇಳಿಯೇಬಿಟ್ಟಳು.

"ರುಯಿಯಾಕಿ ಜೋಡಿ ಲಗ್ನ ಆಗೇತೇನ್ರಿ ನಿಮ್ದು?"

ರಾಜಕುಮಾರನ ಮುಖ ಬಾಡಿತು. "ಹೌದ್ರಿ... ಅವ್ವನ ಹಟಕ್ಕ ಆತು. ಕಡಕೊಂಡಬಿಡು ಅಂತ ಎಲ್ಲಾರೂ ಅಂತಾರ. ನನಗ ಮನಸ ಆಗವಲ್ದು."

'ಬಿಡಲು ಮನಸ್ಸಿಲ್ಲವಂತೆ! ಮತ್ತೆ ನನಗೇಕೆ ಎಲೆ ಆರಿಸಿಟ್ಟೆ?'

ಕಾಜಲ ತಿರುಗಿ ಹೊರಟುಹೋದಳು. ಅದೇ ವಾರ ಗಡಹಿಂಗ್ಲಜದಿಂದ ಕನ್ಯೆ ನೋಡಲು ಬಂದವರಿಗೆ ಹೂಂ ಅಂದಳು. ಹುಡುಗನ ಮುಖವನ್ನೂ ಸರಿಯಾಗಿ ನೋಡಲಿಲ್ಲ. ಸಕ್ಕರೆ ಹಂಚಿ ಲಗ್ನ ಗೊತ್ತುಮಾಡುವ ಸಾಖರಪುಡಾ ಬರುವ ರವಿವಾರವೇ ಎಂದು ನಿಶ್ಚಯವಾಯಿತು. ಎಲೆ ತರಲು ಅವ್ವನೇ ಹೋಗತೊಡಗಿದಳು.

ಮೋಡ ಕವಿದ ಶುಕ್ರವಾರ ಮಧ್ಯಾಹ್ನ ಮುದಕವ್ವ ಬರಿಗೈಯಲ್ಲಿ ಮರಳಿದಳು.

"ಎಲಿ ಎಲ್ಲಿ ಅವ್ವಾ?"

"ಆ ಹುಡುಗ ಕುಡಗೋಲು ಹಿಡಕೊಂಡು ಗಿಡದ ಮುಂದ ನಿಂತಾನ. ಕಾಜಲ ಯಾಕ ಬರವಲ್ಲಳು ಅಂದ. ರವಿವಾರ ಸಾಖರಪುಡಾ ಅಂದೆ. ಬಾಯಾಗ ನೀರ ಇಲ್ಲದಂಗ ಆದ. ಪಾಪ, ಮೊದಲನೇ ಹೇಣ್ತಿ ಲಗ್ನಾದ ವರ್ಷದಾಗ ತೀರಿದ್ಲಂತ. ಎರಡನೇದಾಕಿನೂ ಬಾಳೂದಿಲ್ಲ, ಮೊದಲ ಎಕ್ಕಿ ಗಿಡದ ಜೋಡಿ ಮದವಿ ಮಾಡಿ ಗಿಡಾ ಕಡೀರಿ, ಸಾವು ಗಿಡಕ್ಕ ಹೋಗತೇತಿ ಅಂತ ಜ್ಯೋತಿಷಿ ಹೇಳಿದ್ನಂತ. ಮದವಿ ಆತು. ಇಂವಾ ಹುಳಾ ಸಾಯ್ತಾವ ಅಂತ ಕಡೀಲಿಲ್ಲ!"

ಹಾರಕ್ಕೆ ದಾರ ಪೋಣಿಸುತ್ತಿದ್ದ ಕಾಜಲಳ ಕೈಯಿಂದ ಸೂಜಿ ಜಾರಿತು.

ಎಕ್ಕಿ... ಮರಾಠಿಯಲ್ಲಿ ರುಯಿ! ಮರಾಠಿ ಗಿರಾಕಿಗಳಿಗೆ ಪ್ರತಿ ಶನಿವಾರ 'ರುಯಿಚಾ ಹಾರ, ರುಯಿಚಾ ಹಾರ' ಎಂದು ಗಂಟಲು ಹರಿಯುವಂತೆ ಕೂಗುವವಳು ಇವಳೇ. ಹೊಟ್ಟೆಕಿಚ್ಚು ಒಳಗೆ ಬಂದರೆ ಬುದ್ಧಿ ಹೊರಗೆ ಹೋಗುತ್ತದೆ, ಏನು ಮಾಡುವುದು!

ಚಪ್ಪಲಿ ಮೆಟ್ಟದೆ ಓಡಿದಳು. ಯಡ್ರಾವದ ರಿಕ್ಷಾ ಹತ್ತಿದ್ದೂ ಇಳಿದದ್ದೂ ಅವಳಿಗೆ ನೆನಪಿಲ್ಲ.

ಅವನು ಗಿಡದ ಮುಂದೆ ಕುಳಿತಿದ್ದ. ಒಂದೇ ಒಂದು ಕೊಂಬೆ ಮುರಿದು ಬಿದ್ದಿತ್ತು. ಅದರ ಹುಳುಗಳನ್ನು ಒಂದೊಂದಾಗಿ ಆರಿಸಿ ಬೇರೆ ಎಲೆಗೆ ಬಿಡುತ್ತಿದ್ದ.

"ಏನ ಮಾಡಾಕತ್ತೀರಿ?"

ಅವನು ತಲೆ ಎತ್ತಲಿಲ್ಲ. "ಇದನ್ನ ಕಡದು ಸಂಜೀಕ ನಿಮ್ಮ ಮನೀಗೆ ಕೇಳಾಕ ಬರಾವ ಇದ್ದೆ. ಕಡ್ಯಾಕ ಕೈ ಬರವಲ್ದು. ಹದಿನಾರು ಹುಳಾ ಅದಾವ್ರಿ..."

"ರುಯಿಯಾಕಿ ಅಂದ್ರ... ನಾ ರುಯಿ ಊರಾಗ ನಿಮಗ ಹೇಣ್ತಿ ಅದಾಳ ಅಂತ ತಿಳಕೊಂಡೆ."

ಅವನು ಬಿಟ್ಟ ಕಣ್ಣು ಬಿಟ್ಟಂತೆ ನೋಡಿದ. ನಗು ಬರಬೇಕಿತ್ತು, ಬರಲಿಲ್ಲ. ಕಣ್ಣು ತುಂಬಿದವು.

"ಹಂಗ ತಿಳಕೊಂಡ ಇದ್ಬಿಟ್ಟಿದ್ರ ಚಲೋ ಇತ್ತು. ಮೊದಲನೇ ಆಕಿ ನನ್ನ ತೊಡೀ ಮ್ಯಾಲೆ ಪ್ರಾಣಾ ಬಿಟ್ಲು, ಕಾಜಲ. ಜ್ಯೋತಿಷಿ ಮಾತು ಖರೇ ಇದ್ರ? ನಿನಗೇನರ ಆದ್ರ...?"

ಮೊದಲ ಸಲ ಏಕವಚನ. ಅವಳು ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕುಳಿತಳು.

"ಹತ್ತು ತತ್ತಿಯೊಳಗ ಒಂದೆರಡ ಹಾರತಾವ ಅಂತ ನೀವ ಅಂದಿದ್ರಿ. ಹಂಗಂತ ಪಾತರಗಿತ್ತಿ ತತ್ತಿ ಇಡೂದ ಬಿಟ್ಟಾವೇನು?"

ಅವನು ಕೈಯಲ್ಲಿದ್ದ ಹುಳುವನ್ನು ಎಲೆಯ ಮೇಲಿಟ್ಟ.

"ಎಷ್ಟ ದಿನ ಇರತೇನಿ ನನಗ ಗೊತ್ತಿಲ್ರಿ. ಇರೂ ತನಕ ಇಲ್ಲೇ ಇರತೇನಿ. ಗಡಹಿಂಗ್ಲಜದವರಿಗೆ ನಾನ ಫೋನ್ ಮಾಡಿ ಹೇಳತೇನಿ. ಬೈತಾರ, ಬೈಸ್ಕೋತೇನಿ. ತಪ್ಪು ನಂದ."

ಶೆಡ್ಡಿನಲ್ಲಿ ಮಗ್ಗಗಳು ಬಡಿದುಕೊಳ್ಳುತ್ತಲೇ ಇದ್ದವು. ಮೋಡ ಇನ್ನೂ ಸರಿದಿರಲಿಲ್ಲ. ಕಾಜಲ ಕುಡಗೋಲನ್ನು ಎತ್ತಿ ಗೋಡೆಯಾಚೆ ಒಗೆದಳು. ನಂತರ ಉಳಿದಿದ್ದ ಹುಳುವನ್ನು ತಾನೇ ಬೆರಳಿಗೇರಿಸಿ ಗಿಡಕ್ಕೆ ಬಿಟ್ಟಳು.

"ನಾಳಿ ಶನಿವಾರ. ಎಲಿ ಆರಿಸಿ ಇಡ್ರಿ."

"ಎಷ್ಟ?" ಅವನು ಕೇಳಿದ.

"ಮಾರುತಿಗೆ ಒಂದ ಹಾರಕ್ಕಾಗೂವಷ್ಟ ಸಾಕು. ಉಳಿದದ್ದು ನನ್ನ ಸವತಿಗೆ ಇರಲಿ. ಆಕೀಗೆ ಹದಿನಾರ ಮಕ್ಕಳದಾವ."