ಬಲಗೈ ಒಂದನ್ನು ಬಿಟ್ಟು

ಮೊದಲ ದಿನವೇ ನಾವಿಬ್ಬರೂ ಜಗಳವಾಡಿದೆವು. ನಡುವೆ ಪರದೆಯಂತೆ ಕಟ್ಟಿದ ಹಸಿರು ಬಟ್ಟೆ. ಆಚೆ ರೋಗಿಯ ತಲೆಯ ಬಳಿ ಹೊಸದಾಗಿ ಸೇರಿದ ಅರಿವಳಿಕೆ ಡಾಕ್ಟರ್, ಈಚೆ ಹೊಟ್ಟೆಯ ಬಳಿ ಚಾಕು ಹಿಡಿದ ನಾನು.

"ಇವರು ನಿದ್ದೆ ಮಾಡ್ತಿದಾರಾ?" ಎಂದು ಕೇಳಿದೆ.

"ಅಲ್ಲಾಡ್ತಿಲ್ವಲ್ಲ. ನೀವು ಶುರು ಮಾಡಿ."

"ಅಲ್ಲಾಡ್ತಿದಾರಾ ಅಂತ ನಾನು ಕೇಳಲಿಲ್ಲ."

ಬಟ್ಟೆಯ ಮೇಲಿಂದ ಎರಡು ಕಣ್ಣು ಎದ್ದವು. ಎಡ ಹುಬ್ಬು ಬಲದ್ದಕ್ಕಿಂತ ತುಸು ಮೇಲೇರಿ, ಇವಳಿಗೇನು ತಲೆ ಕೆಟ್ಟಿದೆಯೇ ಎನ್ನುವಂತಿತ್ತು. ನಾನು ಅವರ ಕೆಲಸವನ್ನೇ ಅನುಮಾನಿಸುತ್ತಿದ್ದೇನೆ ಎಂದುಕೊಂಡು ಒಂದು ವಾರ ನನ್ನೊಂದಿಗೆ ಮುಖ ಕೊಟ್ಟು ಮಾತಾಡಲಿಲ್ಲ. ನಾನೂ ಬಿಡಲಿಲ್ಲ, ಪ್ರತಿ ಆಪರೇಷನ್ನಿಗೂ ಅದೇ ಪ್ರಶ್ನೆ ಕೇಳಿದೆ. ನರ್ಸುಗಳು ನನಗೆ ಮೊದಲೇ ಗುಮ್ಮ ಎಂದು ಹೆಸರಿಟ್ಟಿದ್ದರು. ಅದನ್ನು ಅವರೂ ಕಲಿತರು.

ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಟೀ ಲೋಟ ಹಿಡಿದು ನನ್ನೆದುರು ಬಂದು ಕುಳಿತರು. "ಗುಮ್ಮ ಟೀ ಕುಡಿಯುತ್ತಾ?"

"ಕಚ್ಚೋದೂ ಉಂಟು."

"ಕಚ್ಚೋ ಮುಂಚೆ ಒಂದು ಹೇಳಿ. ನನ್ನ ಮೇಲೆ ಯಾಕಷ್ಟು ಅನುಮಾನ?"

ಹುಬ್ಬು ಮತ್ತೆ ಮೇಲಿತ್ತು. ಕೋಪಕ್ಕಲ್ಲ, ಅದು ಇರುವುದೇ ಹಾಗೆ ಎಂದು ಆಗ ತಿಳಿಯಿತು. ಅದೇನಾಯಿತೋ, ವರ್ಷಗಳಿಂದ ಯಾರಿಗೂ ಹೇಳದ್ದನ್ನು ಅವರಿಗೆ ಹೇಳಿಬಿಟ್ಟೆ.

ಕಾಲೇಜಿನಲ್ಲಿದ್ದಾಗ ನನಗೊಂದು ಆಪರೇಷನ್ ಆಗಿತ್ತು. ಅರಿವಳಿಕೆ ಎಂದರೆ ಒಂದೇ ಔಷಧಿಯಲ್ಲ. ಒಂದು ನಿದ್ದೆ ಬರಿಸುತ್ತದೆ, ಇನ್ನೊಂದು ಸ್ನಾಯುಗಳನ್ನೆಲ್ಲ ಸಡಿಲಿಸುತ್ತದೆ. ಎರಡನೆಯದು ಬೇಕೇ ಬೇಕು, ಹೊಟ್ಟೆ ಹಲಗೆಯಂತೆ ಬಿಗಿದಿದ್ದರೆ ನಮ್ಮಂಥವರು ಒಳಗೆ ಕೈಹಾಕಲಾಗದು. ಅಂದು ನನಗೆ ಎರಡನೆಯದು ಸಿಕ್ಕಿತು, ಮೊದಲನೆಯದು ಸಾಲಲಿಲ್ಲ. ರೆಪ್ಪೆ ಎತ್ತಲಾಗಲಿಲ್ಲ. ಉಸಿರನ್ನು ಯಂತ್ರ ಆಡಿಸುತ್ತಿತ್ತು. ಚಾಕು ಇಳಿದದ್ದು ಗೊತ್ತಾಯಿತು. ಯಾರೋ ತಮ್ಮ ಹೊಸ ಕಾರಿನ ವಿಷಯ ಹೇಳಿಕೊಂಡು ನಗುತ್ತಿದ್ದರು. ನಾನು ಕೂಗಿದೆ, ಕೂಗು ಒಳಗೇ ಉಳಿಯಿತು. ಆಮೇಲೆ ಹೇಳಿದಾಗ ಡಾಕ್ಟರು, ನರ್ಸು, ಕೊನೆಗೆ ನನ್ನ ಅಕ್ಕ ಕೂಡ ಕೆಟ್ಟ ಕನಸು ಬಿದ್ದಿರಬೇಕು ಎಂದರು.

ಅವರ ಟೀ ಆರಿಹೋಗಿತ್ತು.

"ಅದು ಕನಸಲ್ಲ," ಎಂದರು.

ಇಷ್ಟು ವರ್ಷ ಆ ಒಂದು ಮಾತಿಗೆ ಕಾದಿದ್ದೆ. ಪ್ರೀತಿ ಹುಟ್ಟಿದ್ದು ಅಲ್ಲೇ, ಸುಳ್ಳೇಕೆ ಹೇಳಲಿ.

ಮರುದಿನದಿಂದ ನಾನು ಕೇಳುವ ಮುಂಚೆಯೇ ಬಟ್ಟೆಯ ಮೇಲೆ ಕಣ್ಣು ಕಾಣಿಸುತ್ತಿದ್ದವು. "ಗಾಢ ನಿದ್ದೆ, ಗುಮ್ಮ. ಪರೀಕ್ಷೆ ಮಾಡಿದೀನಿ." ಆ ಕಣ್ಣಿನ ಮೂಲೆಯ ನಗುವಿಗಾಗಿ ನಾನು ಚಾಕು ಹಿಡಿದು ಒಂದು ಗಳಿಗೆ ಬೇಕೆಂದೇ ತಡಮಾಡುತ್ತಿದ್ದೆ.

ಆ ಸುಖ ಬಹಳ ಕಾಲ ಬಾಳಲಿಲ್ಲ. ನನ್ನ ಹೊಟ್ಟೆಯಲ್ಲೇ ಗಡ್ಡೆ ಕಾಣಿಸಿತು. ಸ್ಕ್ಯಾನ್ ಬೇರೆ ಯಾರದಾದರೂ ಆಗಿದ್ದರೆ, ತಡಮಾಡಬೇಡಿ, ಆಪರೇಷನ್ ಮಾಡಿಸಿಕೊಳ್ಳಿ ಎನ್ನುತ್ತಿದ್ದೆ. ನಾನು ಮಾತ್ರ ಒಪ್ಪಲಿಲ್ಲ.

"ಲೋಕದ ಹೊಟ್ಟೆಯೆಲ್ಲ ಕುಯ್ಯೋಳು, ನಿನ್ನ ಸರದಿ ಬಂದಾಗ ಹಟ ಮಾಡ್ತೀಯಲ್ಲೇ," ಎಂದು ಅಕ್ಕ ಅತ್ತಳು.

"ಸಾಯೋಕೆ ಹೆದರಿಕೆ ಇಲ್ಲಕ್ಕ. ಮಧ್ಯದಲ್ಲಿ ಎಚ್ಚರ ಆಗುತ್ತೇನೋ ಅಂತ ಹೆದರಿಕೆ."

ಅಂದು ಸಂಜೆ ಅವರು ಮನೆಗೆ ಬಂದರು. ಕೈಯಲ್ಲಿ ರಕ್ತದೊತ್ತಡ ನೋಡುವ ಪಟ್ಟಿ. "ಹೂವು ತರೋದು ಬಿಟ್ಟು ಇದೇನು ತಂದಿದಾರೋ," ಎಂದು ಅಕ್ಕ ಗೊಣಗುತ್ತಾ ಅಡುಗೆಮನೆಗೆ ಹೋದಳು.

ಪಟ್ಟಿಯನ್ನು ನನ್ನ ಬಲತೋಳಿಗೆ ಸುತ್ತಿ ಬಿಗಿದರು. "ಮೊದಲು ನಿದ್ದೆ ಬರಿಸ್ತೀನಿ. ಆಮೇಲೆ ಇದನ್ನ ಬಿಗಿದು, ಸ್ನಾಯು ಸಡಿಲಿಸೋ ಔಷಧಿ ಕೊಡ್ತೀನಿ. ಅದು ಮೈಗೆಲ್ಲ ಹೋಗುತ್ತೆ, ಈ ಕೈಗೆ ಮಾತ್ರ ಇಳಿಯಲ್ಲ. ನಾನು ಕೈ ಹಿಡ್ಕೊಂಡು ನಿಮ್ಮ ಕಿವೀಲಿ ಕೇಳ್ತಾನೇ ಇರ್ತೀನಿ, 'ಕೇಳಿಸ್ತಿದ್ರೆ ಕೈ ಒತ್ತು' ಅಂತ. ಒತ್ತಿದ್ರೆ ಚಾಕು ನಿಲ್ಲುತ್ತೆ, ನಿದ್ದೆ ಹೆಚ್ಚು ಮಾಡ್ತೀನಿ."

"ಅಷ್ಟು ಹೊತ್ತು ಬಿಗಿದಿಟ್ರೆ ಕೈ ಸತ್ತುಹೋಗುತ್ತೆ."

"ಇಡಲ್ಲ. ಔಷಧಿ ಮೈಗೆ ಹರಡಿದ ಮೇಲೆ ಬಿಚ್ತೀನಿ. ದೊಡ್ಡ ಆಪರೇಷನ್ ಅಲ್ವಾ, ಔಷಧಿ ಮತ್ತೆ ಮತ್ತೆ ಬೇಕಾಗುತ್ತೆ. ಪ್ರತಿ ಸಲ ಕೊಡೋ ಮುಂಚೆ ಮತ್ತೆ ಬಿಗೀತೀನಿ. ನಾಲ್ಕೈದು ಸಲ ಆಗಬಹುದು. ಕೈ ಮಾತ್ರ ಬಿಡಲ್ಲ."

ಬೆರಳುಗಳು ಜುಮುಜುಮು ಎನ್ನುತ್ತಿದ್ದವು. ಪಟ್ಟಿಯಿಂದಲೋ, ಅವರು ಹಿಡಿದದ್ದರಿಂದಲೋ ತಿಳಿಯಲಿಲ್ಲ.

"ಇಷ್ಟೆಲ್ಲ ಯಾಕೆ ಮಾಡ್ತೀರಿ?"

"ನಿಮ್ಮನ್ನ ಮದುವೆ ಆಗೋಣ ಅಂತ." ಹುಬ್ಬು ಮೇಲಿತ್ತು, ದನಿ ಮಾತ್ರ ನಡುಗುತ್ತಿತ್ತು.

"ಎದ್ದ ಮೇಲೆ ಹೇಳ್ತೀನಿ," ಎಂದೆ. ಗಡ್ಡೆ ಪೂರ್ತಿ ಹೋದರೆ ಹೂಂ ಎನ್ನುವುದು, ಹೋಗದಿದ್ದರೆ ಸಾಯುವವಳೊಬ್ಬಳನ್ನು ಅವರ ಕೊರಳಿಗೆ ಕಟ್ಟಬಾರದು ಎಂದು ಮನಸ್ಸಿನಲ್ಲೇ ತೀರ್ಮಾನಿಸಿಕೊಂಡಿದ್ದೆ.

ನನಗೆ ಕೆಲಸ ಕಲಿಸಿದ ಹಿರಿಯ ಸರ್ಜನ್ನರೇ ಆಪರೇಷನ್ ಮಾಡುವವರಿದ್ದರು. ಮೇಜಿನ ಮೇಲೆ ಮಲಗಿ ನೋಡಿದರೆ ನನ್ನದೇ ಥಿಯೇಟರಿನ ಗುರುತು ಹತ್ತಲಿಲ್ಲ. ಹಲ್ಲು ಕಟಕಟ ಎಂದವು. ತಲೆಯ ಬಳಿ ನಿಂತಿದ್ದ ನನ್ನ ಅರಿವಳಿಕೆ ಡಾಕ್ಟರ್ ಬಲಗೈ ಹಿಡಿದರು. ಅಂಗೈ ಬೆವರಿತ್ತು, ನನ್ನದಲ್ಲ, ಅವರದು. ಆಮೇಲೆ ಏನೂ ಇಲ್ಲ.

ಏನೂ ಇಲ್ಲದ ಆ ಕತ್ತಲೆಯಷ್ಟು ದೊಡ್ಡ ಉಡುಗೊರೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ.

ಕಣ್ಣು ಬಿಟ್ಟಾಗ ಅವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತಿದ್ದರು. ನನ್ನ ಕೈ ಇನ್ನೂ ಅವರ ಕೈಯಲ್ಲಿತ್ತು.

"ಒತ್ತಿದ್ನಾ?"

"ಇಲ್ಲ. ಒಂದ್ಸಲಾನೂ ಇಲ್ಲ. ಮಗು ಥರ ಮಲಗಿದ್ರಿ."

ಮಾಸ್ಕ್ ತೆಗೆದಿದ್ದರು. ತುಟಿ ನಗುತ್ತಿತ್ತು. ಎಡ ಹುಬ್ಬು ಮಾತ್ರ ಇಳಿದು ಬಲದ್ದಕ್ಕೆ ಸಮವಾಗಿತ್ತು. ಅದನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ.

"ಪಟ್ಟಿ ಎಷ್ಟು ಸಲ ಬಿಗಿದ್ರಿ?"

ಅವರು ನನ್ನ ಹೊದಿಕೆ ಸರಿಮಾಡಿದರು. ಅದು ಸರಿಯಾಗಿಯೇ ಇತ್ತು.

"ಹೇಳಿ."

"ಒಂದೇ ಸಲ."

ಅಂದರೆ ಸ್ನಾಯು ಸಡಿಲಿಸುವ ಔಷಧಿ ಎರಡನೇ ಸಲ ಬೇಕಾಗಲೇ ಇಲ್ಲ. ಹೊಟ್ಟೆ ತೆರೆದು, ನೋಡಿ, ಹಾಗೆಯೇ ಹೊಲಿದಿದ್ದಾರೆ. ಗಡ್ಡೆ ಎಲ್ಲೆಡೆ ಹರಡಿದ್ದರೆ ನಾವು ಮಾಡುವುದೇ ಅದು. ಆಮೇಲೆ ಹೊರಗೆ ಹೋಗಿ ಮನೆಯವರಿಗೆ ಹೇಳುವ ಮಾತೂ ನನಗೆ ಬಾಯಿಪಾಠ. ಬಾಗಿಲಾಚೆ ಹಿರಿಯ ಸರ್ಜನ್ನರ ತಗ್ಗಿದ ದನಿಯಲ್ಲಿ ಅದೇ ಮಾತು ಕೇಳುತ್ತಿತ್ತು, ಅದರ ಮೇಲೆ ಅಕ್ಕನ ಅಳು.

"ಮದುವೆ ವಿಷಯ ಮರೆತುಬಿಡಿ," ಎಂದೆ.

ಅವರು ಏನೋ ಹೇಳಹೊರಟರು. ನಾನು ಮುಖ ತಿರುಗಿಸಿ ಕಣ್ಣು ಮುಚ್ಚಿದೆ. ಔಷಧಿಯ ಮಂಪರು ಎಂದುಕೊಂಡು ಎದ್ದು ಹೋಗಲಿ ಎಂದು ಅಲ್ಲಾಡದೆ ಮಲಗಿದೆ. ಈ ಸಲ ಮೈಯೆಲ್ಲ ನನ್ನ ಮಾತು ಕೇಳುತ್ತಿತ್ತು, ಬೆರಳು ಕೂಡ. ಅದಕ್ಕೇ ಹೆಚ್ಚು ಕಷ್ಟವಾಯಿತು.

ಸ್ಟೂಲು ಸರಿದ ಸದ್ದಾಯಿತು. ಹೋದರು ಎಂದುಕೊಂಡೆ. ಉಸಿರು ಕಿವಿಗೆ ತಾಗಿತು.

"ಅಲ್ಲಾಡದೆ ಇರೋರೆಲ್ಲ ನಿದ್ದೆ ಮಾಡ್ತಿರಲ್ಲ ಅಂತ ನೀನೇ ಹೇಳಿದ್ದು, ಗುಮ್ಮ. ಎಷ್ಟು ದಿನ ಇದೆಯೋ ಅಷ್ಟು ದಿನ ನನಗೆ ಬೇಕು." ಅವರ ದನಿ ಒಡೆಯಿತು. ನನ್ನ ಬಲಗೈಯನ್ನು ಮತ್ತೆ ಹಿಡಿದು ಕೇಳಿದರು. "ಕೇಳಿಸ್ತಿದ್ರೆ ಕೈ ಒತ್ತು."

ನಾನು ಒತ್ತಲಿಲ್ಲ.

"ಕೇಳಿಸ್ತಿದ್ರೆ ಕೈ ಒತ್ತು."

ಒತ್ತಿದೆ. ಬೆರಳಲ್ಲಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಒತ್ತಿದೆ.